ಗೋಡೆ ಹೊತ್ತು

ನಮ್ಮ ಊರಿನಲ್ಲಿ ಹೊತ್ತು ಮುಳುಗುವ ಮುಂಚೆ ಜನ ಮನೆ ಬಿಟ್ಟು ಹೊರಗೆ ಬರುತ್ತಾರೆ. ಒಲೆಯ ಮೇಲಿದ್ದುದನ್ನು ಇಳಿಸಿ, ತೊಟ್ಟಿಲ ಕೂಸನ್ನು ಎತ್ತಿಕೊಂಡು, ಹಾಸಿಗೆ ಹಿಡಿದವರಿದ್ದರೆ ಹೊರಸಿನ ಸಮೇತ ಅಂಗಳಕ್ಕೆ ತಂದು, ಬಾಗಿಲು ಮುಂದಕ್ಕೆಳೆದುಕೊಂಡು ಕೆರೆಯ ಏರಿಯ ಮೇಲೋ ಬಸ್‌ಸ್ಟ್ಯಾಂಡಿನ ಬಯಲಿನಲ್ಲೋ ಹೋಗಿ ಕೂರುತ್ತಾರೆ. ಶೇಂಗಾ ಸುಲಿಯುತ್ತಾರೆ, ಹೇನು ನೋಡುತ್ತಾರೆ, ಮಕ್ಕಳಿಗೆ ಮಗ್ಗಿ ಹೇಳಿಸುತ್ತಾರೆ. ಆ ಹೊತ್ತಿನಲ್ಲಿ ಖಾಲಿ ಮನೆಗಳೊಳಗೆ ಗೋಡೆಗಳು ಮಾತಾಡುತ್ತಿರುತ್ತವೆ. ಬೆಳಗಿನಿಂದ ಆ ಗೋಡೆಗಳ ನಡುವೆ ಯಾರು ಏನು ಆಡಿದ್ದರೋ ಅದನ್ನು ಅವರದೇ ದನಿಯಲ್ಲಿ ಇನ್ನೊಮ್ಮೆ ಆಡುತ್ತವೆ. ಎಲ್ಲವನ್ನೂ ಅಲ್ಲ, ಯಾವುದನ್ನು ಆಡಬೇಕು, ಯಾವುದನ್ನು ಬಿಡಬೇಕು ಎಂಬುದು ಗೋಡೆಗೆ ಬಿಟ್ಟ ವಿಷಯ. ಕತ್ತಲು ಪೂರ್ತಿ ಕವಿದ ಮೇಲೆ ಸುಮ್ಮನಾಗುತ್ತವೆ. ಆಗ ಜನ ಎದ್ದು, ಬಟ್ಟೆಯ ಧೂಳು ಕೊಡವಿಕೊಂಡು, ಒಳಗೆ ಹೋಗಿ ದೀಪ ಹಾಕುತ್ತಾರೆ. ಇದಕ್ಕೆ ನಮ್ಮಲ್ಲಿ ಗೋಡೆ ಹೊತ್ತು ಎನ್ನುತ್ತಾರೆ.

ಹುಟ್ಟಿದಾಗಿನಿಂದ ಇದನ್ನೇ ಕಂಡವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಅತ್ತೆ ಸೊಸೆ ಜಗಳಾಡಬೇಕೆಂದರೆ ಹಿತ್ತಲಿನಲ್ಲಿರುವ, ಗೋಡೆಯಿಲ್ಲದ, ಜೋಳದ ಕಣಿಕೆ ತಟ್ಟಿಯ ದನದ ಕೊಟ್ಟಿಗೆಗೆ ಹೋಗುತ್ತಾರೆ. ಡಾಕ್ಟರು ಕೆಟ್ಟ ಸುದ್ದಿ ಹೇಳಬೇಕಾದಾಗ ರೋಗಿಯ ಕಡೆಯವರನ್ನು ಬೇವಿನ ಮರದ ಕೆಳಗೆ ಕರೆಯುತ್ತಾರೆ. ಕಿವಿ ಕೇಳದವರಿಗೆ ನಮ್ಮ ಊರಲ್ಲಿ ಬೇರೆಲ್ಲೂ ಇಲ್ಲದ ಒಂದು ಕೆಲಸವಿದೆ: ಗೋಡೆ ಹೊತ್ತಿನಲ್ಲಿ ಅಂಗಡಿ, ಬ್ಯಾಂಕು, ಸಿರಿವಂತರ ಮನೆಗಳ ಒಳಗೆ ಕೂತು ಕಾವಲು ಕಾಯುವುದು. ಇನ್ನು ಮಕ್ಕಳಿಗೆ ಅನ್ನ ಉಣ್ಣುವುದರ ಜೊತೆಗೇ ಕಲಿಸುವ ಒಂದು ಮಾತಿದೆ. ಬೇರೆಯವರ ದನಿ ಕಿವಿಗೆ ಬಿದ್ದರೆ ಬೀಳಲಿ, ತನ್ನ ದನಿಯನ್ನು ತಾನು ಕೂತು ಕೇಳಬಾರದು. ಯಾಕೆಂದು ಯಾರೂ ಹೇಳುವುದಿಲ್ಲ. ಕೇಳಿದರೆ ತಲೆಯ ಮೇಲೊಂದು ಮೊಟಕುತ್ತಾರೆ.

ನಾನು ಊರಿನ ಡಿಗ್ರಿ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಅಂಗವಿಕಲ ವಿದ್ಯಾರ್ಥಿಗಳ ನೆರವು ಕೊಠಡಿಯ ಉಸ್ತುವಾರಿಯೂ ನನ್ನದೇ. ಅದು ಮೊದಲು ಆಟದ ಸಾಮಾನು ಇಡುತ್ತಿದ್ದ ಕೋಣೆ. ಈಗಲೂ ಬಾಗಿಲು ತೆಗೆದರೆ ಹಳೆಯ ಚರ್ಮದ ಚೆಂಡುಗಳ ವಾಸನೆ ಮೂಗಿಗೆ ಬಡಿಯುತ್ತದೆ. ಒಂದು ಗಾಲಿಕುರ್ಚಿ, ಅದರ ಒಂದು ಗಾಲಿಗೆ ಗಾಳಿ ನಿಲ್ಲುವುದಿಲ್ಲ. ಪರದೆಯ ಮೇಲಿನದನ್ನು ಓದಿ ಹೇಳುವ ಒಂದು ಕಂಪ್ಯೂಟರು, ಒತ್ತಕ್ಷರ ಬಂದಲ್ಲೆಲ್ಲ ಅದಕ್ಕೆ ಬಿಕ್ಕಳಿಕೆ. ಬಿಳಿ ಕೋಲುಗಳು, ಭೂತಗನ್ನಡಿಗಳು. ಬಾಗಿಲಿಗೊಂದು ಇಳಿಜಾರು ಕಟ್ಟಿಸಿದ್ದಾರೆ, ಆದರೆ ಕೆಲಸದವರು ಅದರ ತುದಿಗೆ ಒಂದು ಮೆಟ್ಟಿಲನ್ನೂ ಕಟ್ಟಿ ಹೋಗಿದ್ದಾರೆ. ಈ ಕೊಠಡಿಗೆ ಒಂದು ಜೂನ್ ತಿಂಗಳಲ್ಲಿ ದೊಡ್ಡವ್ವನ ಕೈ ಹಿಡಿದುಕೊಂಡು ದಾಕ್ಷಾಯಣಿ ಬಂದಳು.

ಹೊಳೆಯಾಚೆಯ ಕಬ್ಬಿನ ಸೀಮೆಯ ಹುಡುಗಿ. ಪ್ರೈಮರಿ ಶಾಲೆಯಲ್ಲಿದ್ದಾಗ ಜ್ವರ ಬಂದು ಎರಡೂ ಕಣ್ಣು ಹೋಗಿದ್ದವು. ಅಕ್ಷರದ ಆಕಾರ ನೆನಪಿನಲ್ಲಿತ್ತು, ತನ್ನ ಅವ್ವನ ಮುಖ ಮಾತ್ರ ಅಷ್ಟು ಚೆನ್ನಾಗಿ ನೆನಪಿಲ್ಲ ಎಂದು ಒಮ್ಮೆ ಹೇಳಿದ್ದಳು. ಓದಬೇಕೆಂದು ಹಟ ಹಿಡಿದು ನಮ್ಮ ಊರಿನ ದೊಡ್ಡವ್ವನ ಮನೆ ಸೇರಿದ್ದಳು. ಆ ಹಟ ಅಲ್ಲಿಗೇ ಮುಗಿದಂತೆ ಕಾಣುತ್ತಿತ್ತು. ಮುಂದೆ ಆಕೆ ಯಾರನ್ನೂ ಏನನ್ನೂ ಕೇಳಲಿಲ್ಲ. ಏನು ಬೇಕು ಹೇಳಮ್ಮಾ ಎಂದು ನಾನು ಎಷ್ಟು ಸಲ ಕೇಳಿದರೂ ಅದೇ ಉತ್ತರ.

"ಕುಂದ್ರಾಕ ಜಾಗಾ ಕೊಟ್ಟೀರಲ್ರಿ ಮೇಡಂ. ಮತ್ತೇನ್ ಬೇಕ್ರಿ."

ಬೇಕಾದದ್ದು ಬಹಳಿತ್ತು. ಅರ್ಥಶಾಸ್ತ್ರದ ಇಟಗಿ ಸರ್ ಒಳ್ಳೆಯ ಮೇಷ್ಟ್ರು, ಆದರೆ ಅವರ ಪಾಠವೆಲ್ಲ ಬೋರ್ಡಿನ ಮೇಲೆ. ಗೆರೆ ಎಳೆದು, "ಇದು ಹಿಂಗ ಮ್ಯಾಲೆ ಹೋದ್ರ ಇದು ಹಿಂಗ ಕೆಳಗ ಬರ್ತದ, ಇವೆರಡೂ ಇಲ್ಲಿ ಕೂಡ್ತಾವ" ಎಂದು ಸೀಮೆಸುಣ್ಣದಿಂದ ಬಡಿದು ತೋರಿಸುವರು. ದಾಕ್ಷಾಯಣಿ ಮೊದಲ ಬೆಂಚಿನಲ್ಲಿ ಕೂತು ಆ ಬಡಿತವನ್ನು ಕೇಳುತ್ತಿದ್ದಳು. ಬೋರ್ಡಿನಲ್ಲಿ ಬರೆದದ್ದನ್ನು ಬಾಯಿಬಿಟ್ಟು ಓದಿ ಎಂದು ನಾನು ಇಟಗಿ ಸರ್‌ಗೆ ಹೇಳಿದೆ. ಅವರು ಒಪ್ಪಿ, ಒಂದೆರಡು ದಿನ ಓದಿ, ಸಿಲಬಸ್ಸಿನ ಅವಸರದಲ್ಲಿ ಮರೆತರು. ಪಾಠ ಓದಿ ಹೇಳಲು ಒಬ್ಬರನ್ನು ನೇಮಿಸಿಕೊಡಿ ಎಂದು ಪ್ರಿನ್ಸಿಪಾಲ್ ನಾಡಗೌಡರ ಹತ್ತಿರ ಹೋದೆ. ಅವರು ನಕ್ಕರು. ಬೇರೆ ಊರಿನ ಕಾಲೇಜಿಗೆ ಅಂಥದ್ದೆಲ್ಲ ಬೇಕು, ನಮಗೆ ಯಾಕೆ, ಸಂಜೆ ಅದೇ ಕ್ಲಾಸಿನಲ್ಲಿ ಕೂತರೆ ಪಾಠ ಎರಡನೇ ಸಲ ಕೇಳಿಸುತ್ತದಲ್ಲ ಎಂದರು. ನಾನು ವಾದ ಮಾಡಿದೆ. ಹೊರಗೆ ಕಾಯುತ್ತಿದ್ದ ದಾಕ್ಷಾಯಣಿ ಅದನ್ನು ಕೇಳಿಸಿಕೊಂಡು, ಆಗಲಿ, ಕೂರುತ್ತೇನೆ ಎಂದುಬಿಟ್ಟಳು.

ಹೀಗೆ ಆಕೆ ಗೋಡೆ ಹೊತ್ತಿನಲ್ಲಿ ಕ್ಲಾಸಿನೊಳಗೆ ಕೂರತೊಡಗಿದಳು. ಇಡೀ ಕಾಲೇಜು ಖಾಲಿಯಾಗಿ, ಆಳುಗಳೂ ಗೇಟಿನಾಚೆ ಹೋದ ಮೇಲೆ, ಒಳಗಿರುತ್ತಿದ್ದವರು ಇಬ್ಬರೇ. ಒಬ್ಬಳು ಈಕೆ, ಇನ್ನೊಬ್ಬ ಮಕ್ತುಮ.

ಮಕ್ತುಮ ಹುಟ್ಟು ಕಿವುಡ. ದಾಕ್ಷಾಯಣಿಗಿಂತ ವಯಸ್ಸಿನಲ್ಲಿ ದೊಡ್ಡವನು, ಓದಿನಲ್ಲಿ ಒಂದು ವರ್ಷ ಹಿಂದೆ. ಕೆಲವು ಕಾಲ ಎಣ್ಣೆ ಅಂಗಡಿಯೊಂದರಲ್ಲಿ ಸಂಜೆ ಕಾವಲಿದ್ದು, ಆಮೇಲೆ ಓದು ಮುಂದುವರಿಸಬೇಕೆನಿಸಿ ಬಿ.ಎ.ಗೆ ಸೇರಿದ್ದ. ಸಂಜೆ ಕಾಲೇಜಿನ ಕಾವಲೂ ಅವನದೇ. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುತ್ತಿದ್ದ. ಮೀಸೆ ದಪ್ಪಗಿದ್ದವರ ಮಾತು ಮಾತ್ರ ತನಗೆ ಹತ್ತುವುದಿಲ್ಲ ಎಂದು ನನಗೊಮ್ಮೆ ಬರೆದು ತೋರಿಸಿದ್ದ. ದಾಕ್ಷಾಯಣಿಗೆ ಅವನ ಬರಹ ಕಾಣುವುದಿಲ್ಲ, ಅವನ ಒಡಕು ದನಿಯ ಮಾತು ಅರ್ಥವಾಗುವುದಿಲ್ಲ. ಒಂದು ಸಂಜೆ ಅವನು ಆಕೆಯ ಅಂಗೈ ತೆಗೆದುಕೊಂಡು ಅದರ ಮೇಲೆ ಬೆರಳಿನಿಂದ ತನ್ನ ಹೆಸರು ತೀಡಿದ. ಆಕೆ ಅದನ್ನು ಗಟ್ಟಿಯಾಗಿ ಓದಿದಳು. ಆಕೆಯ ತುಟಿಯ ಮೇಲೆ ತನ್ನ ಹೆಸರು ಕಂಡು ಅವನು ಬಹಳ ನಕ್ಕನಂತೆ. ಅಲ್ಲಿಂದ ಇಬ್ಬರ ಮಾತೂ ಹಾಗೆಯೇ ನಡೆಯಿತು. ಆಕೆ ಬಾಯಲ್ಲಿ, ಅವನು ಅಂಗೈಯಲ್ಲಿ.

ಎರಡನೇ ವರ್ಷದ ಚಳಿಗಾಲದಲ್ಲಿ ದಾಕ್ಷಾಯಣಿ ನನ್ನ ಹತ್ತಿರ ಬಂದು ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತು ಕೋಲಿನ ಹಿಡಿಯನ್ನು ತಿರುವುತ್ತ ಕೂತಳು.

"ಮೇಡಂ, ಗೋಡಿ ನಾ ಆಡದ ಮಾತೂ ಆಡಾಕತ್ತೈತ್ರಿ. ನನ್ನ ದನಿ ಒಳಗ."

ಆ ದಿನ ಸಂಜೆ ನಾನು ಆಕೆಯ ಜೊತೆ ಕ್ಲಾಸಿನಲ್ಲಿ ಕೂತೆ. ನನಗೆ ನಡು ವಯಸ್ಸು ದಾಟಿದೆ. ಅದುವರೆಗೆ ಒಂದು ದಿನವೂ ಗೋಡೆ ಹೊತ್ತಿನಲ್ಲಿ ಸೂರಿನ ಕೆಳಗೆ ಇದ್ದವಳಲ್ಲ. ಕಿಟಕಿಯ ಬೆಳಕು ಕೆಂಪಾಗಿ, ಆಮೇಲೆ ಬೂದಿಯಾಗಿ, ಬೆಂಚುಗಳ ಸಾಲು ಮಸುಕಾಯಿತು. ಗೋಡೆಯ ಸುಣ್ಣದಿಂದ ಮೊದಲು ಒಂದು ಉಸಿರೆಳೆದ ಸದ್ದು ಬಂತು, ಮಾತಿಗೆ ಮುಂಚೆ ಮನುಷ್ಯರು ಎಳೆದುಕೊಳ್ಳುವ ಉಸಿರಿನ ಹಾಗೆ. ನಂತರ ಇಟಗಿ ಸರ್ ಅವರ ದನಿ, ಸೀಮೆಸುಣ್ಣದ ಬಡಿತ, ಹಿಂದಿನ ಬೆಂಚಿನ ಹುಡುಗರ ಕೆಮ್ಮು. ಬೆಳಿಗ್ಗೆ ನಡೆದದ್ದು ನಡೆದ ಹಾಗೆಯೇ. ನಡುವೆ, ಯಾವ ಆತುರವೂ ಇಲ್ಲದೆ, ದಾಕ್ಷಾಯಣಿಯ ದನಿ ಬಂತು.

"ಸರ್, ಏನ್ ಬರದ್ರಿ ಬೋರ್ಡ್ ಮ್ಯಾಲೆ? ಓದಿ ಹೇಳ್ರಿ."

ನಾನು ಪಕ್ಕದಲ್ಲಿದ್ದವಳ ಮುಖ ನೋಡಿದೆ. ತುಟಿ ಬಿಗಿಯಾಗಿ ಮುಚ್ಚಿತ್ತು. ಗೋಡೆಯೊಳಗಿನ ಇಟಗಿ ಸರ್ ಮಾತು ನಿಲ್ಲಿಸಿದರು. ಆಮೇಲೆ, ಹಗಲಿನಲ್ಲಿ ನಾನು ಎಂದೂ ಕೇಳಿರದ ನಿಧಾನದಲ್ಲಿ, ಅಡ್ಡಗೆರೆ ಯಾವುದು, ಉದ್ದಗೆರೆ ಯಾವುದು, ಬೆಲೆ ಏರಿದರೆ ಗೆರೆ ಯಾವ ಕಡೆಗೆ ಬಾಗುತ್ತದೆ ಎಂದು ಒಂದೊಂದಾಗಿ ಬಿಡಿಸಿ ಹೇಳಿದರು. ಆ ದನಿ ಮತ್ತೆ ಕೇಳಿತು, ಅವರು ಮತ್ತೆ ಹೇಳಿದರು. ನಾನು ಬಾಗಿಲ ಕಡೆ ನೋಡಿದೆ. ದಾಕ್ಷಾಯಣಿ ಮಾತ್ರ ಮೊಣಕಾಲಿನ ಮೇಲೆ ಬೆರಳಿನಿಂದ ಗೆರೆ ಎಳೆದುಕೊಳ್ಳುತ್ತ, ಹಸಿದವರು ಉಣ್ಣುವ ಹಾಗೆ ಕೇಳುತ್ತಿದ್ದಳು.

ಹೊರಗೆ ಬಂದ ಮೇಲೆ ನಾನು ಆಕೆಗೆ ಇನ್ನು ಮುಂದೆ ಕೂರಬೇಡ ಎಂದೆ. ತನ್ನ ದನಿ ತಾನು ಕೇಳಬಾರದು ಎಂಬ ಮಾತನ್ನು ನೆನಪಿಸಿದೆ. ಅದು ತನ್ನ ದನಿ ಅಲ್ಲ, ತಾನು ಅಷ್ಟು ಧೈರ್ಯದಿಂದ ಎಂದೂ ಮಾತಾಡಿಲ್ಲ ಎಂದು ಆಕೆ ಹೇಳಿದಳು. ಆ ವರ್ಷ ಅರ್ಥಶಾಸ್ತ್ರದಲ್ಲಿ ಆಕೆಯೇ ಮೊದಲು ಬಂದಳು. ನಾಡಗೌಡರು ಸ್ಟಾಫ್ ಮೀಟಿಂಗಿನಲ್ಲಿ ಇದನ್ನು ಎತ್ತಿ ಹೇಳಿ, ನಮ್ಮ ಕಾಲೇಜಿನಂಥ ನೆರವು ವ್ಯವಸ್ಥೆ ಸುತ್ತಲಿನ ಯಾವ ಕಾಲೇಜಿನಲ್ಲೂ ಇಲ್ಲ ಎಂದರು. ಇಟಗಿ ಸರ್ ನೆಲ ನೋಡುತ್ತ ಕೂತಿದ್ದರು.

ಕೊನೆಯ ವರ್ಷದ ಆರಂಭದಲ್ಲಿ ಹಾಜರಿ ಕರೆಯುವಾಗ ಒಂದು ದಿನ ದಾಕ್ಷಾಯಣಿಯ ಹೆಸರಿಗೆ ಉತ್ತರ ಬರಲಿಲ್ಲ. ಇಟಗಿ ಸರ್ ತಲೆಯೆತ್ತದೆ ಮುಂದಿನ ಹೆಸರಿಗೆ ಹೋದರು. ಪಕ್ಕದ ಹುಡುಗಿ, ಇಲ್ಲೇ ಇದ್ದಾಳಲ್ಲ ಸರ್ ಎಂದಳು. ದಾಕ್ಷಾಯಣಿ ಎದ್ದು ನಿಂತು ಬಾಯಿ ತೆರೆದಳು, ಮುಚ್ಚಿದಳು. ಸದ್ದು ಹೊರಡಲಿಲ್ಲ. ಗಂಟಲು ಕಟ್ಟಿರಬೇಕು ಎಂದುಕೊಂಡರು. ಆ ಸಂಜೆ ಖಾಲಿ ಕ್ಲಾಸಿನ ಗೋಡೆಯಿಂದ ಮೊದಲು ಬಂದದ್ದು ಆಕೆಯ ದನಿಯಲ್ಲಿ "ಪ್ರೆಸೆಂಟ್ ಸರ್".

ಮೊದಮೊದಲು ವಾರಕ್ಕೊಮ್ಮೆ ಹಾಗಾಗುತ್ತಿತ್ತು. ದಸರೆಯ ರಜೆ ಮುಗಿಯುವ ಹೊತ್ತಿಗೆ ಹಗಲಿನಲ್ಲಿ ಆಕೆಯ ಬಾಯಿಂದ ಒಂದು ಮಾತೂ ಬರುತ್ತಿರಲಿಲ್ಲ. ಮನೆಯಲ್ಲೂ ಇಲ್ಲ, ಬೀದಿಯಲ್ಲೂ ಇಲ್ಲ. ಡಾಕ್ಟರು ದೀಪ ಬಿಟ್ಟು ನೋಡಿ, ಗಂಟಲಿನಲ್ಲಿ ಏನೂ ತೊಂದರೆ ಇಲ್ಲ ಎಂದು ಮರದ ಕೆಳಗೆ ಕರೆದು ಹೇಳಿದರು. ದೊಡ್ಡವ್ವ ಅಳಲಿಲ್ಲ, ಬೈಯಲಿಲ್ಲ. ನನ್ನ ಎದುರಿಗೆ ದಾಕ್ಷಾಯಣಿಯ ಗದ್ದ ಹಿಡಿದು ಹೇಳಿದಳು: "ನಿನ್ನ ದನಿ ಆ ಖೋಲಿಯೊಳಗ ಕುಂತೈತಿ. ಅಲ್ಲಿಗೆ ಹೋಗೂದು ಬಿಡು, ತಾನಾ ಬರ್ತೈತಿ."

ದಾಕ್ಷಾಯಣಿ ತನ್ನ ಫೋನಿನಲ್ಲಿ ಟೈಪು ಮಾಡಿದಳು. ಯಂತ್ರದ ಚಪ್ಪಟೆ ದನಿ ಅದನ್ನು ಓದಿತು. "ಮತ್ತ ಪಾಠ ಯಾರು ಹೇಳ್ತಾರ."

ಆದರೂ ದೊಡ್ಡವ್ವನಿಗಾಗಿ ಕೆಲವು ದಿನ ಹೋಗುವುದನ್ನು ಬಿಟ್ಟಳು. ದನಿ ಬರಲಿಲ್ಲ. ಆ ದಿನಗಳಲ್ಲಿ ಕಾವಲಿದ್ದ ಮಕ್ತುಮ ನನ್ನನ್ನು ಕರೆದೊಯ್ದು, ಕ್ಲಾಸಿನ ಗೋಡೆಯ ಮೇಲೆ ತನ್ನ ಎರಡೂ ಅಂಗೈ ಇಟ್ಟು ತೋರಿಸಿದ. ಯಾರೂ ಇಲ್ಲದ ಆ ಕೋಣೆಯಲ್ಲಿ ಸಂಜೆ ಗೋಡೆ ನಡುಗುತ್ತದೆ, ಆಕೆ ಇದ್ದಾಗ ಇಷ್ಟು ನಡುಗುತ್ತಿರಲಿಲ್ಲ ಎಂದು ಬರೆದು ಹೇಳಿದ. ಊರವರು ಕೆರೆಯ ಏರಿಯ ಮೇಲೆ ಕೂತು, ಕಾಲೇಜಿನ ಕಡೆಯಿಂದ ಹುಡುಗಿಯೊಬ್ಬಳು ಯಾರನ್ನೋ ಕರೆಯುವ ದನಿ ಗಾಳಿಯಲ್ಲಿ ಬರುತ್ತದೆ ಎಂದು ಮಾತಾಡಿಕೊಂಡರು. ಸ್ವಲ್ಪ ಜಾಗ ಬದಲಿಸಿ, ಏರಿಯ ಆಚೆ ತುದಿಗೆ ಕೂರತೊಡಗಿದರು. ದಾಕ್ಷಾಯಣಿ ಮತ್ತೆ ಕ್ಲಾಸಿಗೆ ಹೋದಳು.

ಪರೀಕ್ಷೆ ಹತ್ತಿರ ಬಂದಾಗ ಕಷ್ಟ ಎದುರಿಗೆ ನಿಂತಿತು. ಕಣ್ಣು ಕಾಣದವರು ಪರೀಕ್ಷೆಯಲ್ಲಿ ಉತ್ತರವನ್ನು ಬಾಯಲ್ಲಿ ಹೇಳುತ್ತಾರೆ, ಜೊತೆಗೆ ಕೂತ ಸ್ಕ್ರೈಬು ಬರೆಯುತ್ತಾನೆ. ಬಾಯಿಯೇ ಇಲ್ಲದವಳು ಏನು ಹೇಳಬೇಕು? ಫೋನು, ಕಂಪ್ಯೂಟರು ಪರೀಕ್ಷಾ ಕೊಠಡಿಯೊಳಗೆ ಬರುವಂತಿಲ್ಲ ಎಂದು ಯುನಿವರ್ಸಿಟಿಯಿಂದ ಉತ್ತರ ಬಂತು. ಆಕೆ ಈ ವರ್ಷ ಬಿಡಲಿ ಎಂದರು ನಾಡಗೌಡರು. ಅಂದು ನೆರವು ಕೊಠಡಿಯಲ್ಲಿ ನಾವು ಮೂವರೂ ಕೂತಿದ್ದೆವು. ದಾಕ್ಷಾಯಣಿಯ ತುಟಿ ಅಲುಗುತ್ತಿತ್ತು, ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುವವಳ ಹಾಗೆ. ಮಕ್ತುಮ ಎದ್ದು, ಗಡಿಗೆಯಿಂದ ಒಂದು ಲೋಟ ನೀರು ತಂದು ಆಕೆಯ ಕೈಗೆ ಕೊಟ್ಟ. ಆಕೆ ಗಟಗಟ ಕುಡಿದಳು.

ನನಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ಆಕೆ ನೀರು ಕೇಳಿದ್ದಳು. ನಮ್ಮ ಯಾರಿಗೂ ಕೇಳಿಸದ ಆಕೆಯ ಮಾತು ಮಕ್ತುಮನಿಗೆ ಎಂದೂ ನಿಂತಿರಲೇ ಇಲ್ಲ. ಅವನ ಮಟ್ಟಿಗೆ ಆಕೆ ಮೊದಲು ಹೇಗೆ ಮಾತಾಡುತ್ತಿದ್ದಳೋ ಹಾಗೆಯೇ ಇದ್ದಳು. ಆಕೆ ಬಾಯಿಬಿಟ್ಟು ಹೇಳಿದರೂ ನಾವೆಲ್ಲ ಯಾಕೆ ಫೋನಿನ ದನಿಗೆ ಕಾಯುತ್ತೇವೆ ಎಂದು ಅವನಿಗೆ ಇಷ್ಟು ದಿನ ಗೊತ್ತಾಗಿರಲಿಲ್ಲ.

ನಾಡಗೌಡರು ಮೊದಲು ಸಿಟ್ಟಾದರು. ಕಿವಿ ಕೇಳದವನನ್ನು ಸ್ಕ್ರೈಬ್ ಮಾಡಿದರೆ ಯುನಿವರ್ಸಿಟಿಯವರು ತಮ್ಮ ಮುಖಕ್ಕೆ ನಗುತ್ತಾರೆ ಎಂದರು. ಸ್ಕ್ರೈಬು ಕೆಳಗಿನ ತರಗತಿಯವನಿರಬೇಕು, ಅದೇ ವಿಷಯ ಓದಿದವನಿರಬಾರದು ಎಂದು ನಿಯಮದಲ್ಲಿದೆ, ಕಿವಿ ಕೇಳಿಸಬೇಕು ಎಂದು ಎಲ್ಲೂ ಇಲ್ಲ ಎಂದೆ. ಮಕ್ತುಮನ ವಿಷಯ ಇತಿಹಾಸ. ಕೊನೆಗೆ ಅವರು ಇಬ್ಬರನ್ನೂ ಮೇಜಿನ ಮುಂದೆ ಕೂರಿಸಿ, ಯಾರಿಗೂ ಗೊತ್ತಿಲ್ಲದ ಒಂದು ಮಾತು ಹೇಳಲು ದಾಕ್ಷಾಯಣಿಗೆ ಹೇಳಿದರು. ಆಕೆಯ ತುಟಿ ಅಲುಗಿತು. ಮಕ್ತುಮ ಬರೆದು ಕಾಗದ ತಿರುಗಿಸಿದ: ಸರ್ ಮೇಜಿನ ಖಾನೆಯಲ್ಲಿ ಮಾವು ಹಣ್ಣಾಗಿದೆ, ಇವತ್ತು ತಿನ್ನದಿದ್ದರೆ ಕೆಡುತ್ತದೆ. ನಾಡಗೌಡರು ಖಾನೆ ಎಳೆದು, ಹಣ್ಣು ತೆಗೆದು ಮೇಜಿನ ಮೇಲಿಟ್ಟು, ಸಹಿ ಮಾಡಿದರು.

ಉಳಿದ ವಿಷಯಗಳು ಬೆಳಗಿನ ಹೊತ್ತಿನಲ್ಲಿ ಸುಸೂತ್ರವಾಗಿ ಮುಗಿದವು. ಅರ್ಥಶಾಸ್ತ್ರದ ಪರೀಕ್ಷೆ ಮಾತ್ರ ಮಧ್ಯಾಹ್ನ. ಗಾಲಿಕುರ್ಚಿಯ ಹುಡುಗನೊಬ್ಬನಿಗೆ ನೆಲಮಹಡಿಯ ಇನ್ನೊಂದು ಕೋಣೆ ಹೋಗಿ, ಇವರಿಗೆ ಉಳಿದದ್ದು ಅದೇ ಕ್ಲಾಸು. ಪ್ರಶ್ನೆಯನ್ನು ಮಕ್ತುಮ ಅಂಗೈ ಮೇಲೆ ತೀಡಬೇಕು, ಆಕೆ ತುಟಿಯಲ್ಲಿ ಉತ್ತರ ಹೇಳಬೇಕು, ಅವನು ಆಕೆಯ ಮುಖ ನೋಡಿ, ಬರೆದು, ಮತ್ತೆ ಮುಖ ನೋಡಬೇಕು. ಕಣ್ಣು ಕಾಣದವರಿಗೆ ಕೊಡುವ ಹೆಚ್ಚುವರಿ ಸಮಯವೆಲ್ಲ ಬೇಕೇ ಬೇಕಾಗಿತ್ತು. ಆ ಸಮಯ ಗೋಡೆ ಹೊತ್ತನ್ನು ದಾಟುತ್ತಿತ್ತು.

ಬೇರೆ ಕೋಣೆಗಳ ಹುಡುಗರು ಪೇಪರು ಕೊಟ್ಟು ಹೋದರು. ಕಿಟಕಿಯಲ್ಲಿ ಬಿಸಿಲು ಕೆಂಪಾಗುತ್ತಲೇ ಮೇಲ್ವಿಚಾರಕರು ಎದ್ದು, ತಾವು ಹೊರಗಿನ ಕಟ್ಟೆಯ ಮೇಲೆ ಕೂತು ಕಿಟಕಿಯಿಂದ ನೋಡುತ್ತೇವೆ ಎಂದರು. ಒಳಗೆ ಯಾರಾದರೊಬ್ಬರು ಇರಲೇಬೇಕಿತ್ತು. ನಾಡಗೌಡರು ನನ್ನ ಕಡೆ ನೋಡಿದರು. ನಾನು ಉಳಿದೆ.

ಆ ದಿನ ಮಧ್ಯಾಹ್ನವಿಡೀ ಆ ಕೋಣೆಯಲ್ಲಿ ಯಾರೂ ಒಂದು ಮಾತೂ ಆಡಿರಲಿಲ್ಲ. ಆದ್ದರಿಂದ ಗೋಡೆ ಸುಮ್ಮನಿರಬಹುದು ಎಂದು ನಾನು ಆಸೆಪಟ್ಟಿದ್ದೆ. ಬೆಳಕು ಬೂದಿಯಾಯಿತು. ಆ ಉಸಿರೆಳೆದ ಸದ್ದು ಬಂತು. ಆಮೇಲೆ ದಾಕ್ಷಾಯಣಿಯ ದನಿ, ತುಂಬಿದ ಕೋಣೆಗೆ ಪಾಠ ಹೇಳುವವರ ಹಾಗೆ ಸ್ಪಷ್ಟವಾಗಿ, ಮೊದಲ ಪ್ರಶ್ನೆಯ ಉತ್ತರವನ್ನು ಹೇಳತೊಡಗಿತು. ಮಧ್ಯಾಹ್ನದಿಂದ ಆಕೆಯ ತುಟಿ ಆಡಿದ್ದೆಲ್ಲ ಒಂದೊಂದಾಗಿ ಹೊರಗೆ ಬರುತ್ತಿತ್ತು. ಬೆಂಚಿನ ಮೇಲೆ ಕೂತ ದಾಕ್ಷಾಯಣಿ ಕೊನೆಯ ಪ್ರಶ್ನೆಯ ನಡುವಿನಲ್ಲಿದ್ದಳು. ಆಕೆಯ ತಲೆ ನಿಧಾನಕ್ಕೆ ಗೋಡೆಯ ಕಡೆ ತಿರುಗಿತು. ತುಟಿ ತಡೆದು ನಿಂತಿತು. ಮತ್ತೆ ಅಲುಗತೊಡಗಿದಾಗ, ಗೋಡೆ ಆಡುತ್ತಿದ್ದ ಮಾತನ್ನೇ ಅದರ ಹಿಂದಿನಿಂದ ಆಡುತ್ತಿತ್ತು. ಅಕ್ಷರಕ್ಕೆ ಅಕ್ಷರ. ಆಕೆಯ ಮುಖದಲ್ಲಿ ನಿದ್ದೆಗೆ ಜಾರುವ ಕೂಸಿನ ಸುಖವಿತ್ತು.

ನನಗೆ ಕೂಗಬೇಕೆನಿಸಿತು. ಆದರೆ ನಾನು ಏನು ಆಡಿದರೂ ಪರೀಕ್ಷೆಯಲ್ಲಿ ಹೇಳಿಕೊಟ್ಟಂತಾಗುತ್ತದೆ. ಕಿಟಕಿಯಾಚೆ ಅವರೆಲ್ಲ ನೋಡುತ್ತಿದ್ದಾರೆ. ಕುರ್ಚಿಯ ಕೈ ಹಿಡಿದು ಕೂತೆ. ಮಕ್ತುಮ ಬರೆಯುತ್ತಿದ್ದವನು ಪೆನ್ನು ನಿಲ್ಲಿಸಿದ. ಬರೆದದ್ದನ್ನು ನೋಡಿದ, ಆಕೆಯ ತುಟಿ ನೋಡಿದ, ಮೊದಲ ಹಾಳೆ ತಿರುವಿ ನೋಡಿದ. ಆ ಕೋಣೆಯಲ್ಲಿ ಏನಾಗುತ್ತಿದೆ ಎಂದು ಅವನಿಗೆ ಕೇಳಿಸುವಂತಿರಲಿಲ್ಲ. ಆಕೆ ಹೇಳಿದ್ದನ್ನೇ ಹೇಳುತ್ತಿದ್ದಾಳೆ ಎಂಬುದಷ್ಟೇ ಅವನಿಗೆ ಕಂಡದ್ದು. ಆಕೆಯ ಕೈ ಎಳೆದು, ಅಂಗೈ ಬಿಡಿಸಿ, ಬೆರಳೊತ್ತಿ ತೀಡಿದ. ಆಕೆ ಕೈ ಬಿಡಿಸಿಕೊಂಡಳು. ಅವನು ಮತ್ತೆ ಹಿಡಿದ. ಈ ಸಲ ಉಗುರು ಊರುವಷ್ಟು ಒತ್ತಿ, ಅದನ್ನೇ ಮತ್ತೆ ಮತ್ತೆ ತೀಡಿದ. ಏನು ತೀಡಿದ್ದು ಎಂದು ಆಮೇಲೆ ಕೇಳಿದ್ದೆ. "ಇದು ಆಗೇತಿ. ಮುಂದಿಂದು ಹೇಳು."

ಆಕೆ ನೀರಿನಿಂದ ಮೇಲೆ ಬಂದವಳ ಹಾಗೆ ಬಾಯಿ ತೆರೆದು ಉಸಿರೆಳೆದುಕೊಂಡಳು. ಅವನ ಮುಂಗೈಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದಳು. ನಂತರ ತುಟಿ ತನ್ನ ದಾರಿ ಹಿಡಿಯಿತು. ಗೋಡೆಯದೊಂದು ಮಾತು, ಆಕೆಯದೊಂದು ಮಾತು. ಸ್ವಂತ ದನಿ ಎದುರಿಗೆ ನಿಂತು ಬೇರೆಯದನ್ನು ಹೇಳುತ್ತಿರುವಾಗ ಒಂದು ಉತ್ತರವನ್ನು ತಲೆಯಲ್ಲಿ ಕಟ್ಟಿ ಮುಗಿಸುವುದು ಎಂಥ ಕೆಲಸ ಎಂದು ಆಕೆಯ ಹಣೆಯ ಬೆವರು ನೋಡಿ ನನಗೆ ಗೊತ್ತಾಯಿತು. ಗೋಡೆ ಬೇಗಬೇಗ ಬರುತ್ತಿತ್ತು. ಉತ್ತರಗಳನ್ನು ದಾಟುತ್ತ ದಾಟುತ್ತ ಆಕೆಯ ಬೆನ್ನಿಗೇ ಬಂದು, ಕೊನೆಯ ಪ್ರಶ್ನೆಯಲ್ಲಿ ಆಕೆಯನ್ನು ಮುಟ್ಟಿತು. ಅಲ್ಲಿ ನಿಂತಿತು.

ಕತ್ತಲು ಕವಿಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಮಕ್ತುಮನ ಪೆನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆಗ ಆ ದನಿ ಮತ್ತೆ ಬಂತು, ಬಹಳ ಮೆಲ್ಲಗೆ, ಪಕ್ಕದಲ್ಲಿ ಮಲಗಿದ ಅಕ್ಕ ತಂಗಿಗೆ ಹೇಳುವ ಹಾಗೆ.

"ಸಾಕು. ನೀ ಹೋಗಿನ್ನ. ನಾ ಇಲ್ಲೇ ಇರ್ತೀನಿ."

ದಾಕ್ಷಾಯಣಿ ತಲೆ ಎತ್ತಲಿಲ್ಲ. ಉಳಿದ ಎರಡು ಮೂರು ವಾಕ್ಯ ಮುಗಿಸಿದಳು. ಮಕ್ತುಮ ಹಾಳೆಗಳನ್ನು ದಾರದಿಂದ ಕಟ್ಟಿದ. ಹೊರಗೆ ಕಟ್ಟೆಯ ಮೇಲಿದ್ದ ಮೇಲ್ವಿಚಾರಕರು ಅವನ್ನು ಎಣಿಸಿ ತೆಗೆದುಕೊಂಡರು. ಇಟಗಿ ಸರ್ ಸ್ವಲ್ಪ ದೂರದಲ್ಲಿ ಸೈಕಲ್ ಹಿಡಿದು ನಿಂತಿದ್ದರು. ದಾಕ್ಷಾಯಣಿಯ ಕೋಲಿನ ಸದ್ದು ಹತ್ತಿರ ಬರುವವರೆಗೂ ಕಾದು, "ಎಲ್ಲಾ ಕೇಳಿಸ್ತವ್ವಾ. ಛಲೋ ಬರದೀ" ಎಂದು ಹೇಳಿ ಹೊರಟುಹೋದರು.

ಆಕೆ ಪಾಸಾದಳು, ಒಳ್ಳೆಯ ಅಂಕ ಬಂದವು. ಹಗಲಿನ ದನಿ ಮಾತ್ರ ಮರಳಲಿಲ್ಲ. ದೊಡ್ಡವ್ವ ಹರಕೆ ಹೊತ್ತಳು, ಲೇಹ್ಯ ತಿನ್ನಿಸಿದಳು, ಕೊನೆಗೆ ತುಟಿ ಓದುವುದನ್ನು ತಾನೇ ಸ್ವಲ್ಪ ಕಲಿತಳು. ದೂರದ ಶಹರದ ಯುನಿವರ್ಸಿಟಿಯಲ್ಲಿ ದಾಕ್ಷಾಯಣಿಗೆ ಎಂ.ಎ. ಸೀಟು ಸಿಕ್ಕಿತು. ಅಲ್ಲಿ ಓದಿ ಹೇಳುವವರಿದ್ದಾರೆ, ಪಾಠದ ಪುಸ್ತಕಗಳು ಬ್ರೈಲಿನಲ್ಲಿ ಸಿಗುತ್ತವೆ, ಹಾಸ್ಟೆಲಿನ ದಾರಿಯುದ್ದಕ್ಕೂ ಹಿಡಿದು ನಡೆಯಲು ಕಂಬಿ ಇದೆ ಎಂದು ನಾನು ವಿಚಾರಿಸಿ ಹೇಳಿದೆ. ಮಾತಿಲ್ಲದೆ ಅಲ್ಲಿ ಹೇಗಿರುತ್ತಾಳೆ ಎಂಬ ಚಿಂತೆ ನಮ್ಮೆಲ್ಲರಿಗಿತ್ತು. ಬಿಟ್ಟುಬರಲು ಮಕ್ತುಮ ಜೊತೆಗೆ ಹೋದ.

ಅವರು ಹೊರಟ ದಿನ ಸಂಜೆ ನಾನು ಕಾಲೇಜಿನಲ್ಲೇ ಉಳಿದೆ. ಎಲ್ಲರೂ ಹೋದ ಮೇಲೆ ಆ ಕ್ಲಾಸಿನ ಹೊರಗಿನ ವರಾಂಡದಲ್ಲಿ ಕೂತಿದ್ದೆ. ಫೋನು ರಿಂಗಾಯಿತು. ಎತ್ತಿ ಹಲೋ ಎಂದೆ.

"ಮೇಡಂ, ನಾನ್ರಿ."

ಗುರುತು ಹಿಡಿಯಲು ನನಗೆ ತಡವಾಯಿತು. ದನಿ ಒರಟಾಗಿತ್ತು, ಬಹಳ ದಿನ ಮುಚ್ಚಿಟ್ಟ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಊರ ಗಡಿ ದಾಟಿ, ಹೊಳೆಯ ಸೇತುವೆ ಇಳಿದ ಮೇಲೆ ಕಂಡಕ್ಟರು ಬಂದು ಎಲ್ಲಿಗೆ ಎಂದು ಕೇಳಿದನಂತೆ. ಈಕೆ ಅಭ್ಯಾಸದಂತೆ ಬರೀ ತುಟಿ ಅಲ್ಲಾಡಿಸಿದಳು. ಶಹರದ ಹೆಸರು ಗಟ್ಟಿಯಾಗಿ ಹೊರಬಿದ್ದು ತಾನೇ ಬೆಚ್ಚಿದಳು. ಮಕ್ತುಮ ಎಂದಿನಂತೆ ಕಂಡಕ್ಟರಿಗೆ ಬರೆದು ತೋರಿಸಲು ಪೆನ್ನು ತೆಗೆದಿದ್ದ. ಕಂಡಕ್ಟರು ಅವನ ಕಡೆ ನೋಡದೆ ಆಕೆಯ ಕೈಗೇ ಟಿಕೆಟ್ ಕೊಟ್ಟಾಗ ಅವನಿಗೆ ತಿಳಿಯಿತು. ಪೆನ್ನು ಜೇಬಿಗಿಟ್ಟುಕೊಂಡು, ಬಹಳ ಹೊತ್ತು ಆಕೆಯ ಅಂಗೈ ಮೇಲೆ ಏನೂ ತೀಡದೆ ಕೂತಿದ್ದನಂತೆ. ಇದನ್ನೆಲ್ಲ ಆಕೆ ಒಂದೇ ಉಸಿರಿಗೆ ಹೇಳಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು.

"ಅಲ್ಲೀಗ ಹೊತ್ತು ಮುಣಗಿರಬೇಕಲ್ರಿ. ಅಕಿ ಅದಾಳೇನ್ರಿ?"

ಮುಚ್ಚಿದ ಬಾಗಿಲಿನಾಚೆ, ಕತ್ತಲಾಗುತ್ತಿದ್ದ ಕ್ಲಾಸಿನಲ್ಲಿ, ಆ ದನಿ ಇತ್ತು. ಫೋನಿನಲ್ಲಿ ಬರುತ್ತಿದ್ದುದಕ್ಕಿಂತ ಎಳೆಯದಾಗಿ, ತಿಳಿಯಾಗಿ ಇತ್ತು. ಪಾಠದ ವಿಷಯವಲ್ಲ. ಯಾವುದೋ ಹಬ್ಬದ ಸೀರೆಯ ಬಣ್ಣದ ಮಾತು, ಯಾರೋ ಅಂಗೈ ಮೇಲೆ ಉತ್ತರ ತೀಡಿದಂತೆ ನಡುವೆ ಬಿಡುವು, ಮತ್ತೆ ನಗು. ಆ ಇನ್ನೊಬ್ಬರ ದನಿ ಮಾತ್ರ ನನಗೆ ಕೇಳಿಸುತ್ತಿರಲಿಲ್ಲ.

ಇದ್ದಾಳೆ ಎಂದೆ. ಏನು ಮಾಡುತ್ತಿದ್ದಾಳೆ ಎಂದು ಕೇಳಿದಳು. ನಗುತ್ತಿದ್ದಾಳೆ ಎಂದೆ.

"ಯಾರ ಜೋಡಿ?"

ನನಗೆ ಗೊತ್ತಾಗುತ್ತಿಲ್ಲ ಎಂದೆ. ಆ ಕಡೆ ಬಸ್ಸುಗಳ ಹಾರನ್ನು, ಚಹಾ ಮಾರುವವರ ಕೂಗು.

"ಇರ್ಲಿ ಬಿಡ್ರಿ. ಒಬ್ಬಾಕಿನ ಇರಾಕಾಗಂಗಿಲ್ಲ ಅಕಿಗೆ," ಎಂದಳು. ಮಕ್ತುಮನಿಗೆ ಹಸಿವಾಗಿದೆ, ಊಟಕ್ಕೆ ಹೋಗುತ್ತೇವೆ ಎಂದು ಹೇಳಿ ಫೋನು ಇಟ್ಟಳು.

ನಾನು ಏಳಲಿಲ್ಲ. ಒಳಗಿನ ಮಾತು ತಡೆತಡೆದು ನಡೆದೇ ಇತ್ತು. ಕತ್ತಲು ಪೂರ್ತಿ ಕವಿದು, ಕೆರೆಯ ಏರಿಯಿಂದ ಜನ ಮನೆಗಳಿಗೆ ಮರಳಿ, ಊರ ದೀಪಗಳೆಲ್ಲ ಹತ್ತಿದ ಮೇಲೂ ಆ ದಿನ ಅದು ನಿಲ್ಲಲಿಲ್ಲ.